ಚೊಗರು

ದುರ್ಗಿಗುಡಿಯ ತಿರುವಿನಲ್ಲಿ ನಮ್ಮ ಅಂಗಡಿ.
ಬೋರ್ಡಿನ ಮೇಲೆ ‘ವೈನ್ಸ್’ ಅಂತ ಹಳದಿ ಅಕ್ಷರ,
ಒಳಗೆ ವೈನೊಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ.
ಇಪ್ಪತ್ತೆರಡು ವರ್ಷದಿಂದ ಸ್ಟಾಕ್ ಬುಕ್ಕಿನಲ್ಲಿ
ರಮ್ಮು, ಬ್ರಾಂದಿ, ಬಿಯರಿನ ಲೆಕ್ಕ ಬರೆದು
ಕೊನೆಯ ಕಾಲಮ್ಮಿಗೆ ಒಂದು ಗೀಟು ಎಳೆಯುತ್ತೇನೆ,
ಅಡ್ಡಗೀಟು. ಕೈಗೆ ರೂಢಿ, ಕಣ್ಣು ಬೇಕಿಲ್ಲ.

ನಾನು ಹುಚ್ಚರಾಯಪ್ಪ. ಕುಡಿಯುವವನಲ್ಲ.
ಮಿಠಾಯಿ ಅಂಗಡಿಯವನಿಗೆ ಸಕ್ಕರೆ ಕಾಯಿಲೆ ಇದ್ದ ಹಾಗೆ,
ಅದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ.

ಆಕೆ ಬಂದದ್ದು ಮಧ್ಯಾಹ್ನ ಮೂರಕ್ಕೆ.
ಗಂಡಸರ ಗುಂಪು ತಾನಾಗಿ ಸೀಳಿ ದಾರಿ ಬಿಟ್ಟಿತು.
“ಬಾರ್ಬೆರಾ ಇದೆಯಾ?”
“ಬಾರ್ ಬೇರೆ ಅಮ್ಮ, ಪಕ್ಕದ ಬಾಗಿಲು” ಅಂದೆ.
ಕೌಂಟರಿನ ಜಾಲರಿ ಹಿಡಿದುಕೊಂಡು ನಕ್ಕರು, ನಕ್ಕರು,
ಕಣ್ಣು ಒರೆಸಿಕೊಳ್ಳುವಷ್ಟು.

ಅಪೊಲಿನ್ ರೆಬೆಲ್ಲೊ. ಚರ್ಚಿನ ಹಿಂದಿನ ಬೀದಿ.
ಒಂಬತ್ತು ವರ್ಷ ಇಟಲಿಯಲ್ಲಿ, ಮೊನ್‌ಫೆರಾತೊ ಗುಡ್ಡಗಳ ನಡುವೆ
ಎವಾಸಿಯೊ ಎಂಬ ಮುದುಕನಿಗೆ
ಸ್ನಾನ ಮಾಡಿಸಿ, ಉಗುರು ಕತ್ತರಿಸಿ, ಬೈಸಿಕೊಂಡು,
ಕೊನೆಗೆ ಹತ್ತಿಯಲ್ಲಿ ಅದ್ದಿ ಅವನ ತುಟಿಗೆ
ಒಂದೊಂದೇ ಹನಿ ಕೆಂಪು ಸವರಿ ಬಂದವರು.
ಎರಡು ಗುಡ್ಡ ದಾಟಿದರೆ ಸಾಕು,
ಅಲ್ಲಿಯ ವೈನಿಗೆ ‘ಪರದೇಶದ್ದು’ ಅನ್ನುತ್ತಿದ್ದನಂತೆ.
ನಗಲಿಲ್ಲ ನಾನು. ಕೂಡಲಿಗೆ ಮೇಲಿನ ತುಂಗೆ ಬೇರೆ,
ಕೆಳಗಿನ ನೀರು ಬೇರೆ ಎಂದು
ಲೋಟ ಮೂಸಿ ಹೇಳುವ ಸೋದರಮಾವ ನನಗೂ ಇದ್ದ.

ಮತ ಎಣಿಕೆಯ ದಿನ ಅಂಗಡಿಗೆ ಅಬಕಾರಿ ಸೀಲು.
ಊರೆಲ್ಲ ಪಟಾಕಿ, ನನಗೆ ರಜೆ. ಅವರ ತಾರಸಿಗೆ ಕರೆದರು.
ಮುದುಕನ ಸ್ವೆಟರಿನಲ್ಲಿ ಸುತ್ತಿ ತಂದ ಎರಡು ಬಾಟಲಿ,
ಅವರಿಗೆ ಹಂದಿ ಮಾಂಸ, ನನಗೆಂದು ಕಳಲೆ ಪಲ್ಯ.
ಸ್ಟೀಲು ಬೇಡ, ಗಾಜೇ ಆಗಬೇಕು, ಬಣ್ಣ ಕಾಣಬೇಕಲ್ಲ.

ಮೊದಲು ಬಾರ್ಬೆರಾ.
ಅವರ ಮಾತಲ್ಲಿ ವೈನೆಲ್ಲ ಗಂಡಂತೆ, ಇವಳೊಬ್ಬಳು ಹೆಣ್ಣು.
ನೇರಳೆ ತಿಂದು ಸಿಕ್ಕಿಬಿದ್ದ ಹುಡುಗನ ನಾಲಗೆಯ ಬಣ್ಣ.
ಗುಟುಕಿಗೆ ದವಡೆಯ ಮೂಲೆ ಜುಂ ಎಂದಿತು:
ಉಪ್ಪಾಗೆ! ಹೊಗೆ ಹಾಕಿ ಒಣಗಿಸಿದ್ದಲ್ಲ,
ಮರದಿಂದ ಆಗ ತಾನೇ ಬಿದ್ದದ್ದು.
“ಜಿಡ್ಡು ಎಲ್ಲಿದ್ದರೂ ಹುಡುಕಿ ಗುಡಿಸುತ್ತಾಳೆ” ಅಂದರು ಬಾಯಿ,
ಮಾಂಸದ ತಟ್ಟೆ ಹತ್ತಿರ ಎಳೆದುಕೊಳ್ಳುತ್ತ.

ಎರಡನೆಯದರ ಹೆಸರು ಹೇಳಲು ಮೂರು ಸಲ ಎಡವಿದೆ.
ಗ್ರಿನ್ಯೊಲಿನೊ. ಬೀಜ ಜಾಸ್ತಿ ಇರುವ ದ್ರಾಕ್ಷಿಯಂತೆ.
ನೀರು ಹೆಚ್ಚಾದ ಮುರುಗಲು ಪಾನಕದ ಹಾಗೆ ತೆಳ್ಳಗೆ,
ಆಚೆ ಬದಿಯ ಚರ್ಚಿನ ಗೋಪುರ ಕಾಣುತ್ತಿತ್ತು ಅದರೊಳಗೆ.
ಇದೇನು ಮಾಡೀತು, ಪಾಪ, ಅಂದುಕೊಂಡು ನುಂಗಿದೆ.

ನುಂಗಿದ ಮೇಲೆ ಬಂತು.
ಕೆನ್ನೆಯ ಒಳಗೋಡೆ ಒಣಗಿತು, ನಾಲಗೆ ಅಂಟಿತು,
ಯಾರೋ ಒಳಗಿನಿಂದ ಬಾಯಿ ಹಿಡಿದ ಹಾಗೆ.
ಗೊತ್ತು ನನಗಿದು.
ಸುಗ್ಗಿಯಲ್ಲಿ ಕೂಲಿಗೆ ಹೋಗಿ
ಕಂಡವರ ಅಡಿಕೆ ಸುಲಿದು ಬೇಯಿಸಿ,
ಬೇಯಿಸಿದ ನೀರನ್ನು ಹಂಡೆಯಲ್ಲಿ ಮತ್ತೆ ಬತ್ತಿಸಿ
ಶಿವರಾತ್ರಿವರೆಗೂ ಕೆಂಪಗೇ ಇರುತ್ತಿದ್ದ ಅವ್ವನ ಬೆರಳು.
ಅದರಲ್ಲಿ ಕಲಸಿದ ಅನ್ನ.
ಮಜ್ಜಿಗೆಯನ್ನವೂ ಹೀಗೇ ಹಿಡಿಯುತ್ತಿತ್ತು ಬಾಯನ್ನ.

“ಇದಕ್ಕೇನಂತಾರೆ ಅಲ್ಲಿ?”
“ತಾನ್ನಿನೊ.”
“ನಾವು ಚೊಗರು ಅಂತೀವಿ” ಅಂದೆ.
ಚೊಗರು, ಚೊಗರು, ಎಂದು ಎರಡು ಸಲ ಅಂದು ನೋಡಿದರು.
ಅವ್ವನ ಮಾತು ಎತ್ತಲಿಲ್ಲ ನಾನು.
ಅವರೂ ಸ್ವೆಟರು ಮಡಿಸುತ್ತ ಸುಮ್ಮನಿದ್ದರು.
ಕೆಳಗೆ ಯಾರೋ ಗೆದ್ದಿದ್ದರು, ಡೋಲು ಬಡಿಯುತ್ತಿತ್ತು.

ತಿಂಗಳ ಕೊನೆ. ಬುಕ್ಕು ನೋಡಲು ಇನ್ಸ್‌ಪೆಕ್ಟರು ಬಂದ.
ಕೊನೆಯ ಕಾಲಮ್ಮಿನ ಮೇಲೆ ಬೆರಳಿಟ್ಟ:
“ಏನ್ರೀ ಇದು, ಗೀಟು ಗುಡ್ಡದ ಹಾಗೆ ಉಬ್ಬಿದೆ,
ಕುಡಿದು ಬರೆದಿರೋ ಹೇಗೆ?”
ಅಂಗಡಿಗೆ ಅಂಗಡಿಯೇ ನಕ್ಕಿತು.
ಸ್ಕೇಲು ಕೊಡಪ್ಪ ಎಂದು ಹುಡುಗನಿಗೆ ಕೈ ಚಾಚಿದೆ,
ಆಮೇಲೆ, ಬೇಡ, ಇರಲಿ, ಅಂದೆ.